ಬಿಳಿ ಪುಡಿ

ಧಾಯರಿಯಲ್ಲಿ ಜನವರಿ ಅಂದರೆ
ನಕ್ಕರೆ ತುಟಿ ಸೀಳುವ ತಿಂಗಳು.
ನಗುವಂಥದ್ದೇನೂ ಇರಲಿಲ್ಲ ಬಿಡಿ.
ಮಳೆಗಾಲದಲ್ಲಿ ಒದ್ದರೂ ಮುಚ್ಚದ ಬಾಗಿಲು
ಒಣಗಿ, ಕುಗ್ಗಿ, ತಾನಾಗೇ ತೆರೆದುಕೊಳ್ಳುತ್ತಿತ್ತು.
ರಗ್ಗು ಕೊಡವಿದರೆ ಕತ್ತಲಲ್ಲಿ ಚಟಚಟ ನೀಲಿ ಕಿಡಿ.

ನೀಲಾಂಬಿಕೆಯ ದಿಂಬಿನ ಮೇಲೆ ಒಂದು ಬೆಳಗ್ಗೆ
ದಾಸವಾಳದಷ್ಟು ರಕ್ತ.
"ಹವಾ ಕೋರಡೀ ಆಹೆ, ಬಾಕಿ ಕಾಹೀ ನಾಹೀ,"
ಡಾಕ್ಟರ್ ಆಪಟೆ ಮೂಗಿಗೆ ಬ್ಯಾಟರಿ ಹಿಡಿದು ಅಂದರು.
ಗಾಳಿ ಒಣಗಿದೆ, ಅಷ್ಟೇ.
ನಾನು ಇವರ ಮುಖ ನೋಡಲಿಲ್ಲ, ಇವರು ನನ್ನದು.

ಭಿಶಿಯ ನಲವತ್ತು ಸಾವಿರ
ನನ್ನನ್ನೊಂದು ಮಾತು ಕೇಳದೆ ಗೆಳೆಯನ ಕೈಗಿಟ್ಟ ದಿನದಿಂದ
ನಮ್ಮಿಬ್ಬರ ನಡುವೆ ಮಾತು ಬಂದ್.
ಉಪ್ಪು ಬೇಕಾದರೂ ಮಗಳ ಮೂಲಕ.
"ಅಪ್ಪಗ ಹೇಳು", "ಅವ್ವಗ ಕೇಳು",
ಆರು ವರ್ಷದ ಪೋರಿ ಟಪಾಲು ಹೊತ್ತು ದಣಿದಿದ್ದಳು.
ಒಮ್ಮೆ ಬಾಗಿಲಲ್ಲಿ ಕೈಗೆ ಕೈ ತಾಗಿ ಚಟ್ ಅಂತು;
ಇಬ್ಬರೂ ಒಂದೇ ಸಲ "ಅಯ್ಯ" ಅಂದೆವು.
ಅದನ್ನು ಮಾತೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಂಜೆ ಇವರು ತಂದದ್ದು ತಂಬಿಗೆಯಷ್ಟೆತ್ತರದ ಯಂತ್ರ.
ಒಲೆಯಿಲ್ಲ, ಕುದಿಯಿಲ್ಲ,
ಮೂತಿಯಿಂದ ತಣ್ಣನೆ ಹಬೆ.
ನೀಲೂ ಕೈಯೊಡ್ಡಿ, "ಮೋಡಕ್ಕ ಜ್ವರ ಬಂದಿಲ್ಲ" ಅಂದಳು.

ಡಬ್ಬಿಯ ಮೇಲೆ ಬರೆದಿತ್ತು: ಶುದ್ಧ ನೀರನ್ನೇ ಬಳಸಿ.
ನಮ್ಮ ಸೊಸೈಟಿಗೆ ಬರುವುದು ಟ್ಯಾಂಕರಿನ ಬೋರ್ ನೀರು,
ಬೇಳೆಯನ್ನೂ ಬೇಯಿಸದ ಹಟಮಾರಿ.

ರಾತ್ರಿ ಹತ್ತಕ್ಕೆ ನಾನು ತುಂಬಿಸಿ ಮಲಗುವೆ.
ಮೂರಕ್ಕೆ ಎಚ್ಚರಾಗಿ ನೋಡಿದರೆ
ಖಾಲಿಯಾಗಿರಬೇಕಾದ ತೊಟ್ಟಿ ಮತ್ತೆ ಕಂಠಮಟ್ಟ.
ಮಗ್ಗುಲಲ್ಲಿ ಇವರು, ನಿದ್ದೆಯ ಸೋಗು,
ಅಂಗಿಯ ತೋಳು ಮೊಣಕೈತನಕ ಒದ್ದೆ.
ನಾನೂ ಕಣ್ಣು ಮುಚ್ಚಿದೆ.
ಗುಳುಕ್.
ಯಂತ್ರ ಒಂದು ಗುಟುಕು ನುಂಗಿತು.

ವಾರದಲ್ಲಿ ಮನೆಯೆಲ್ಲ ಬಿಳಿ ಪುಡಿ:
ಟೀವಿ, ಹೊಲಿಗೆ ಯಂತ್ರ, ಮಾವನವರ ಫೋಟೋದ ಗಾಜು.
ಇಂಡಿಯಿಂದ ಬಂದ ಅತ್ತೆ ಬೆರಳಲ್ಲಿ ಒತ್ತಿ ತೆಗೆದು
"ವಿಭೂತಿ ಉದರಾಕತ್ತೈತೇನ?" ಅನ್ನುತ್ತ
ಹಣೆಗೆ ಹಚ್ಚಿಕೊಂಡೇಬಿಟ್ಟರು.
ನನಗೆ ನಗು ಬಂತು. ತುಟಿ ಸೀಳಲಿಲ್ಲ.
ಅಡುಗೆಮನೆಯಿಂದ ಇವರದೂ ಒಂದು ಕೆಮ್ಮು,
ನಗುವಿನ ಜಾತಿಯದು.

ಮರುದಿನ ಒರೆಸಲು ಹೋದರೆ
ಕರಿ ಟೇಬಲ್ಲಿನ ಪುಡಿಯಲ್ಲಿ ಬೆರಳ ಬರಹ,
ಇವರ ಕೊಂಬು ಮುರಿದ ಕನ್ನಡ:
"ರೊಕ್ಕ ಮಾರ್ಚಕ್ಕ ಬರ್ತೈತಿ."
ಕೆಳಗೆ, ಸಣ್ಣಗೆ:
"ನೀರ ನಾ ತುಂಬಸ್ತೀನಿ, ನೀ ಮಲಕೊ."

ಕ್ಷಮಿಸು ಅಂತ ಎಲ್ಲೂ ಇರಲಿಲ್ಲ, ಎರಡು ಸಲ ಹುಡುಕಿದೆ.
ಒದ್ದೆ ಬಟ್ಟೆ ಕೈಯಲ್ಲೇ ಇತ್ತು.
ಸುತ್ತಲೆಲ್ಲ ಒರೆಸಿದೆ, ಆ ಎರಡು ಸಾಲು ಬಿಟ್ಟು,
ಮತ್ತೆ ಅದರ ಕೆಳಗೆ ಒಂದಿಷ್ಟು ಜಾಗ ಬಿಟ್ಟು.
ಅಲ್ಲಿ ಬೆರಳಿಟ್ಟು ಬರೆದೆ:
"ಎಷ್ಟನೇ ತಾರೀಖು?"