ಕೇಳು

ಬೆಳಗಿನ ಜಾವ ಮೂರೂ ಇಪ್ಪತ್ತು.
ಚಾಮರಾಜಪೇಟೆಯ ಈ ಮೂರನೇ ಮಹಡಿಯಲ್ಲಿ
ನೀನಿನ್ನೂ ಬರೀ ‘ಬೇಬಿ ಆಫ್ ಮುಬೀನಾ’,
ಎಂಟುನೂರ ನಲವತ್ತು ಗ್ರಾಂ.
ಅರ್ಧ ಲೀಟರಿನ ಎರಡು ಹಾಲಿನ ಪ್ಯಾಕೆಟ್ಟು
ನಿನಗಿಂತ ಭಾರ.

ನಾನು ಕೆಲಸಕ್ಕೆ ಸೇರಿದಾಗ
ವಾರ್ಡಿಗೆಲ್ಲ ಎರಡೇ ವೆಂಟಿಲೇಟರು,
ಮೂರನೆಯ ಮಗುವಿಗೆ ನನ್ನ ಕೈ.
ಹೆಬ್ಬೆರಳು, ಎರಡು ಬೆರಳು, ನಡುವೆ ರಬ್ಬರಿನ ಚೀಲ.
ಒತ್ತು, ಬಿಡು, ಬಿಡು.
ಒತ್ತು, ಬಿಡು, ಬಿಡು.
ಒಂದು ರಾತ್ರಿ ಹಾಗೇ ಆರು ಗಂಟೆ;
ಆಯಾ ಗೌರಮ್ಮ ಇಡ್ಲಿ ಮುರಿದು ಬಾಯಿಗಿಟ್ಟಳು.
ಬೆಳಕು ಹರಿಯುವಾಗ ಡಾಕ್ಟರು ನನ್ನ ಮುಂಗೈ ಹಿಡಿದು
ಸಾಕು ಸಿಸ್ಟರ್, ಬಿಡಿ, ಅಂದರು.
ಬಿಟ್ಟೆ.
ಬೆರಳು ಮಾತ್ರ ಬಿಡಲಿಲ್ಲ.
ಇವತ್ತಿಗೂ ಬಸ್ಸಿನಲ್ಲಿ ತೂಕಡಿಸುವಾಗ
ಸೆರಗಿನ ಚುಂಗನ್ನು ಒತ್ತುತ್ತಿರುತ್ತವೆ.

ಆಮೇಲೆ ಬಂದ ಯಂತ್ರಗಳು ಹಳೇ ಕಾಲದ ಮೇಷ್ಟರ ಹಾಗೆ.
ನಿಮಿಷಕ್ಕೆ ನಲವತ್ತು ಅಂದರೆ ನಲವತ್ತೇ,
ಮಗು ಹೊರಗೆ ಬಿಡುವ ಹೊತ್ತಿಗೆ ಸರಿಯಾಗಿ ಒಳಗೆ ತುಂಬುತ್ತಿದ್ದವು.
ಗೆಲ್ಲುತ್ತಿದ್ದದ್ದು ಯಂತ್ರವೇ.
ಬದುಕಿದವು ಬಹಳ.
ಬದುಕಿಯೂ ತಿಂಗಳುಗಟ್ಟಲೆ ಏದುಸಿರು ಬಿಟ್ಟವೂ ಬಹಳ.

ನಿನಗೆ ಹಾಗಲ್ಲ.
ಗಂಟಲಿಗೆ ದಪ್ಪ ಕೊಳವೆ ಇಳಿಸಲಿಲ್ಲ.
ನೂಲಿನಂಥ ನಳಿಕೆಯಲ್ಲಿ, ನೀನೇ ಉಸಿರೆಳೆಯುತ್ತಿರುವಾಗ,
ಬಿಳಿ ಮದ್ದನ್ನು ತೊಟ್ಟು ತೊಟ್ಟಾಗಿ ಬಿಟ್ಟರು.
ಹಾಲು ಹೋಗುವ ಟ್ಯೂಬಿನ ಮೈಯಲ್ಲೇ ಸಣ್ಣ ಸಣ್ಣ ತಂತಿ;
ವಪೆಯ ಪಕ್ಕ ಕೂತು
ನಿನ್ನ ತಲೆ ಕಳಿಸುವ ಮಿಂಚನ್ನು
ಅದು ಉಸಿರಾಗುವ ಮೊದಲೇ ಹಿಡಿಯುತ್ತವೆ.
ನೀನು ಕೇಳುತ್ತೀಯ.
ಅದು ಕೇಳುತ್ತದೆ.
ಎರಡಕ್ಕೂ ನಮ್ಮಲ್ಲಿ ಒಂದೇ ಮಾತು;
ಇಪ್ಪತ್ತೇಳು ವರ್ಷ ಡ್ಯೂಟಿ ಮಾಡಿ
ಇವತ್ತು ನನಗೆ ಹೊಳೆಯಿತು.

ಆದರೂ ಪೂರ್ತಿ ನಂಬಿಕೆಯಿಲ್ಲ, ನೋಡು.
ಪರದೆಯ ಕೆಳಗಿನ ಗೆರೆ ಈಗ ಚಪ್ಪಟೆ.
ಮರೆತೆಯಾ? ಉಸಿರಾಡುವುದನ್ನೇ?
ಯಂತ್ರ ಕಾಯುತ್ತಿದೆ.
ಎರಡು. ಮೂರು.
ನನ್ನ ಬೆರಳು ತಾವಾಗಿ ಕೂಡಿಕೊಳ್ಳುತ್ತಿವೆ.
ಐದಕ್ಕೆ ಅದು ತಾನೇ ಒಂದು ಕೊಟ್ಟಿತು, ಮೆಲ್ಲಗೆ.
ಇನ್ನೊಂದು.
ಗಾಜಿನ ಕಿಂಡಿಯಲ್ಲಿ ಕೈ ತೂರಿಸಿ ನಿನ್ನ ಅಂಗಾಲು ತಟ್ಟಿದೆ,
ನನ್ನ ಹೆಬ್ಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲ.
ಕೇಳು ಮರಿ.
ಒಂದು ಸಾರಿ ಕೇಳು.

ಗೆರೆ ಎದ್ದಿತು. ಗೊಣಗುವವರ ಹಾಗೆ.

ಐದಕ್ಕೆ ನಿನ್ನಮ್ಮ ಬಂದಳು, ಹಾಲು ಹಿಂಡಿ ಕೊಡಲು.
ಪಾದರಾಯನಪುರದಲ್ಲಿ ಅಗರಬತ್ತಿ ಹೊಸೆಯುವವಳು,
ಎಷ್ಟು ತೊಳೆದರೂ ಬೆರಳಲ್ಲಿ ಗಂಧದ ಪುಡಿಯ ವಾಸನೆ.
ದಿನಾ ಕೇಳುವುದನ್ನೇ ಇವತ್ತೂ ಕೇಳಿದಳು:
‘ಸಿಸ್ಟರ್, ಉಸಿರು ಯಾರ್ದು?
ಅವನ್ದಾ, ಮಿಷಿನ್ದಾ?’

ಕೇಳೋದು ಅವನೇ ಕಣಮ್ಮ, ಅಂದೆ.

ಅವಳಿಗೆ ಕೇಳಿಸಲಿಲ್ಲವೇನೋ.
ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು,
ನಲ್ಲಿ ಜೋರಾಗಿ ಬಿಟ್ಟುಕೊಂಡು.