ತಾಳಿಕೆ

ವ್ರ್‌ಶಿಚ್ ಘಾಟಿಗೆ ಐವತ್ತು ತಿರುವು.
ಬಡಗಣ ಮೈಯ ತಿರುವುಗಳಿಗೆ ಕಲ್ಲು ಹಾಸಿದ್ದಾರೆ.
ನಾನು ಇಳಿಯುವುದು ಆ ಮೈಯಲ್ಲೇ,
ಭಾನುವಾರ, ರೊಟ್ಟಿಯ ಒಲೆ ಆರಿದ ಮೇಲೆ.

ಇಪ್ಪತ್ತನೆಯದರಲ್ಲಿ ಸ್ಟಿಯರಿಂಗು ನಡುಗಿತು.
ಹದಿನಾರರಲ್ಲಿ ಪೆಡಲು
ಹಸಿ ಹಿಟ್ಟಿನಂತೆ ಕಾಲಡಿ ಕುಸಿಯಿತು.
ಹಿಟ್ಟು ನನಗೆ ಗೊತ್ತು, ಮೂವತ್ತು ವರ್ಷದ ಕಸುಬು.
ಅದು ಕುಸಿಯಬೇಕಾದ್ದು ನಾದುವ ಹಲಗೆಯ ಮೇಲೆ.
ಎದುರಿಗೆ ಬರೀ ಗಾಳಿ ಇತ್ತು,
ಗಾಳಿಯಾಚೆ ಪೈನ್ ಮರಗಳ ತುದಿ.

ಯೆಸೆನಿತ್ಸೆಯಲ್ಲಿ ಮಿಲೋಯ್ಕಾಳ ಗ್ಯಾರೇಜು,
ಮುಚ್ಚಿಹೋದ ಎರಕದ ಶೆಡ್ಡಿನ ಬೆನ್ನಿಗೆ.
ಚಕ್ರ ಬಿಚ್ಚಿ, ಬ್ರೇಕಿನ ತಟ್ಟೆ ಕಳಚಿ
ಕಿಟಕಿಯ ಬೆಳಕಿಗೆ ಹಿಡಿದಳು.
ತೂತಿನಿಂದ ತೂತಿಗೆ ಸೀಳು ನಡೆದಿತ್ತು,
ಬಳಕೆಯ ಮನೆಗಳ ನಡುವೆ
ತಾನಾಗಿ ಕಾಲುದಾರಿ ಬೀಳುವ ಹಾಗೆ.

'ಯಾರು ಹಾಕಿದ್ದು ಈ ಜರಡಿ?'
'ನಾನೇ. ಚಕ್ರದ ಸಂದಿಯಲ್ಲಿ ಚೆಂದ ಕಾಣುತ್ತೆ ಅಂತ.'
ಅವಳು ನಗಲಿಲ್ಲ.
ನಕ್ಕಿದ್ದರೆ ಚೆನ್ನಾಗಿತ್ತು.

ಮೇಜಿನ ಮೇಲೆ ಪೆಟ್ಟಿಗೆಗಳು ಬಂದವು.
ಒಂದಕ್ಕೆ ಮತ್ತೆ ತೂತು, ಬೆಳ್ಳಿಯ ಹೊಳಪು.
ಅದನ್ನು ತೆರೆದಷ್ಟೇ ಬೇಗ ಮುಚ್ಚಿದಳು.
ಇನ್ನೊಂದಕ್ಕೆ ಉಗುರಿನಿಂದ ಪರಚಿದಂಥ ಗೀರು:
'ಚೆನ್ನಾಗಿ ಹಿಡಿಯುತ್ತೆ. ಪ್ಯಾಡು ತಿನ್ನುತ್ತೆ. ನಿನಗ್ಯಾಕೆ?'
ಸೆರಾಮಿಕ್‌ನದು ಪುಸ್ತಕದಲ್ಲಿ ಮಾತ್ರ ಇತ್ತು.
ಬೆಲೆ ನೋಡಿದೆ. ಆ ದುಡ್ಡಿಗೆ ಎರಡು ಒಲೆ ಬರುತ್ತವೆ.

ಕಡೆಯದು ಎಣ್ಣೆ ಮೆತ್ತಿದ ಬೂದು ಎರಕ,
ಸಪ್ಪೆ ಮುಖ, ಎತ್ತಲು ಎರಡು ಕೈ ಬೇಕು.
ಕುಂಬಾರನ ಮುಂದೆ ಕೂತು ಗಡಿಗೆ ಆರಿಸುವವಳಂತೆ
ಬೆರಳಿಗೆ ತೂಗಿಸಿ ಸ್ಪ್ಯಾನರಿನಿಂದ ತಟ್ಟಿದಳು.
ನಾದ ಹೊರಟಿತು. ಶೆಡ್ಡು ದಾಟಿ,
ಹಳೆಯ ಕುಲುಮೆಯ ಗೋಡೆ ಮುಟ್ಟಿ ಬಂತು.
ನನ್ನದನ್ನೂ ತಟ್ಟಿದಳು:
ಒಡಕು ಮಡಕೆ.

ಎರಡು ಮೈಗಳ ನಡುವಿನ ಸಂದಿಗೆ ಬೆರಳು ತೂರಿಸಿ
ಒಳಗಿನ ರೆಕ್ಕೆ ಎಣಿಸಿದಳು, ಅಪ್ಪ ಎಣಿಸುತ್ತಿದ್ದಂತೆ.
ಅವನು ಇಲ್ಲೇ ಕಬ್ಬಿಣ ಹೊಯ್ದವನು.
'ಕಬ್ಬಿಣಕ್ಕೂ ಬೆವರಲು ಜಾಗ ಬೇಕು ಅಂತಿದ್ದ.
ಅಮ್ಮ ಬೈದಾಗಲೂ ಅದೇ ಮಾತು ಹೇಳಿ
ಹೊರಗೆ ಹೋಗಿ ನಿಲ್ಲುತ್ತಿದ್ದ.'

ಆಮೇಲೆ ಕೇಳಿದಳು, ನಟ್ಟು ಬಿಗಿಯುತ್ತಾ,
'ಬ್ರೇಕು ಎಲ್ಲಿ ಒತ್ತುತ್ತೀಯ?'
'ತಿರುವಿನಲ್ಲಿ.'
'ತಿರುವಿನಲ್ಲೋ, ತಿರುವಿಗೆ ಮೊದಲೋ?'

ಎಂಟನೆಯ ತಿರುವಿನ ಬಳಿ ಮರದ ಪ್ರಾರ್ಥನಾಲಯವಿದೆ,
ಈ ರಸ್ತೆ ಕಡಿದ ರಷ್ಯದ ಸೆರೆಯಾಳುಗಳ ಹೆಸರಿನಲ್ಲಿ.
ಹಿಮ ಕುಸಿದು ಅವರನ್ನು ಒಯ್ದಿತು. ಹಿಮಕ್ಕೆಲ್ಲಿಯ ಬ್ರೇಕು.
ಅಲ್ಲಿ ಮಾತ್ರ ನಾನು ಮೊದಲೇ ಒತ್ತುತ್ತೇನೆ.
ಭಕ್ತಿಯಿಂದ ಎನ್ನೋಣವೆಂದರೆ
ಒಮ್ಮೆ ಅಲ್ಲೇ ಪೊಲೀಸು ನಿಂತಿದ್ದ.
ಇದನ್ನು ಅವಳಿಗೆ ಹೇಳಲಿಲ್ಲ.

ಬಿಲ್ಲಿನಲ್ಲಿ ಬರೆದಿತ್ತು:
ತಟ್ಟೆ ಎರಡು. ಪ್ಯಾಡು ನಾಲ್ಕು. ಬ್ರೇಕಿನ ಎಣ್ಣೆ ಒಂದು ಲೀಟರು.
ಚಾಲಕ, ಹಳೆಯದೇ.

'ಇವತ್ತೇ ಪಳಗಿಸು. ನೂರರಿಂದ ಮೂವತ್ತಕ್ಕೆ, ಹತ್ತು ಸಲ.
ಪೂರ್ತಿ ನಿಲ್ಲಿಸಬೇಡ. ಬಿಸಿ ತಟ್ಟೆಯ ಮೇಲೆ
ಪ್ಯಾಡು ಕಚ್ಚಿ ನಿಂತರೆ ಕಲೆ ಕೂರುತ್ತೆ,
ಮತ್ತೆ ನಡುಗುತ್ತೆ. ಆರುವವರೆಗೂ ಓಡುತ್ತಿರಲಿ.'

ಸಾವಾ ನದಿಯ ಪಕ್ಕದ ನೇರ ದಾರಿಯಲ್ಲಿ ಹತ್ತು ಸಲ ಒತ್ತಿದೆ.
ಸುಟ್ಟ ವಾಸನೆ, ಸೀದ ಮೊದಲ ರೊಟ್ಟಿಯದರಂತೆ.
ನಿಲ್ಲಲಿಲ್ಲ. ಬೇಕರಿ ದಾಟಿದೆ, ಯಾಸ್ನಾ ಕೆರೆ ದಾಟಿದೆ,
ತಿರುಗಿ ಬಂದೆ, ನನ್ನ ಮನೆಯನ್ನೂ ದಾಟಿದೆ.
ಬ್ರೆದಾ ಕಿಟಕಿಯಲ್ಲಿ ಕೈಯೆತ್ತಿದಳು.
ಎರಡನೆಯ ಸಲ ದಾಟುವಾಗ ಎತ್ತಿದ ಕೈ ಹಾಗೇ ಇತ್ತು.
ಮೂರನೆಯ ಸಲ
ಪರದೆ ಎಳೆದುಕೊಂಡಿದ್ದಳು.