ಮಾಸೂರಿನಿಂದ ದೂರು ಬಂದಿಲ್ಲ

ಹುಬ್ಬಳ್ಳಿ ಬಿಟ್ಟಾಗ ಇನ್ನೂ ಕತ್ತಲು.
ಅರಬೈಲ್ ಘಟ್ಟ ಇಳಿದು, ಅಂಕೋಲೆಯಲ್ಲಿ ಚಹಾ ಕುಡಿದು,
ಕುಮಟೆ ಹಾದು ಮಾಸೂರು ಮುಟ್ಟಿದಾಗ ಹತ್ತೂವರೆ.
ಬೆನ್ನಿಗೆ ಕಂಪನಿಯ ಲ್ಯಾಪ್‌ಟಾಪು,
ಕಿಸೆಯಲ್ಲಿ ಚೀಟಿ: ಕೊಯ್ಲು ಯಂತ್ರ, ಚಾಲೂ ಆಗುತ್ತಿಲ್ಲ,
ಪರದೆ ಮೇಲೆ ನಲವತ್ತೇಳು.

ಗಜನಿಯ ಏರಿಗೆ ತಾಗಿದ ಗದ್ದೆಯಲ್ಲಿ ಅದು ನಿಂತಿತ್ತು,
ಅರ್ಧ ಕೊಯ್ದ ಕಗ್ಗದ ಎದುರು,
ಹಲ್ಲಿಗೆ ಹುಲ್ಲು ಸಿಕ್ಕಿಸಿಕೊಂಡು.
ಹನ್ನೊಂದು ಮನೆಯವರು ಕೂಡಿ ಕೊಂಡದ್ದು.

"ಮೂರು ದಿನ ಆಯ್ತು ತಮಾ," ಅಂದಳು ಬೀರಮ್ಮ ಪಟಗಾರ,
"ರಿಪೇರಿ ಮುಗಿದು."

ನನಗೆ ತಿಳಿಯಲಿಲ್ಲ. ಮುಚ್ಚಳ ತೆಗೆದು ತೋರಿಸಿದಳು:
ಬಿಸಿ ಅಳೆಯುವ ಸೆನ್ಸರಿನ ಸಂದಿಗೆ
ಉಪ್ಪುಗಾಳಿ ಹೊಕ್ಕು ಹಸಿರು ಕಿಲುಬು ಕಟ್ಟಿತ್ತಂತೆ.
ಮುರುಗಲು ಹುಳಿ ಹಚ್ಚಿ,
ಹಲ್ಲುಜ್ಜುವ ಹಳೆ ಬ್ರಶ್ಶಿನಲ್ಲಿ ತಿಕ್ಕಿ,
ಸಿಹಿನೀರಲ್ಲಿ ತೊಳೆದು, ಒಣಗಿಸಿ,
ಮೇಲೆ ಗ್ರೀಸು ಸವರಿ, ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದಳು.
ಬಿಚ್ಚಿ ನೋಡಿದೆ. ಪಿನ್ನುಗಳು
ಬೆಳಗಿಟ್ಟ ತಂಬಿಗೆಯ ಹಾಗೆ.
ನಮಗೆ ತರಬೇತಿಯಲ್ಲಿ ಇದನ್ನು ಕಲಿಸಿಲ್ಲ.
ಬದಲಾಯಿಸಿ ಅಂತ ಇದೆ. ಭಾಗದ ಸಂಖ್ಯೆ, ಬೆಲೆ.

"ಅಪ್ಪನ ದೋಣಿ ತದಡಿಯಲ್ಲಿತ್ತು.
ಸ್ಕ್ರೂಡ್ರೈವರಿನ ಮೊನೆ ಎಂಜಿನಿಗೆ, ಹಿಡಿ ಕಿವಿಗೆ,
ಕೇಳೂಕೆ ಕಲ್ತದ್ದು ಅಲ್ಲಿ.
ಆ ಎಂಜಿನು ಸುಳ್ಳು ಹೇಳ್ತಿರ್ಲಿಲ್ಲ.
ಇದು ಹೇಳ್ತದೆ. ಗುಣ ಆದ್ಮೇಲೂ ಜ್ವರ ಅಂತದೆ."

ಹೌದು, ಅದನ್ನು ಮಾಡಿರುವುದೇ ಹಾಗೆ.
ಗುಣವಾದದ್ದನ್ನು ತಾನಾಗಿ ನಂಬುವುದಿಲ್ಲ.
ನಾನು ಬರಬೇಕು, ನೂರಾ ಅರವತ್ತು ಕಿಲೋಮೀಟರು,
ವೈರು ಚುಚ್ಚಬೇಕು, ಪಾಸ್‌ವರ್ಡ್ ಕೊಡಬೇಕು,
'ದೋಷ ಅಳಿಸು' ಎಂಬಲ್ಲಿ ಒಮ್ಮೆ ಬೆರಳಿಡಬೇಕು.
ಎರಡು ಸಾವಿರದ ಎಂಟುನೂರೈವತ್ತು. ಜಿಎಸ್‌ಟಿ ಬೇರೆ.

ಅಷ್ಟರಲ್ಲಿ ಏರಿಯಿಂದ ಯಾರೋ ಕೂಗಿದರು, ಭರತ ಏರುತ್ತಿದೆ ಎಂದು.
ಬೀರಮ್ಮ ಜಂತ್ರಡಿಗೆ ನಡೆದಳು, ಹಿಂದೆ ನಾನು.
ಹಲಗೆ ಇಳಿಸಿದಳು. ಒಂದು ಹೊಸದು,
ಉಳಿದವು ಅವಳಜ್ಜ ಕೂರಿಸಿದ್ದು.
ಸಂದಿಗೆ ಅಂಗೈಯಿಂದ ಕೆಸರು ಮೆತ್ತಿದಳು.
ಅಘನಾಶಿನಿ ಬಂದು ಹಲಗೆಗೆ ಹೆಗಲು ಕೊಟ್ಟು ನೂಕಿತು,
ಎರಡು ಕಡೆ ಜಿನುಗಿತು, ಆಮೇಲೆ ಸುಮ್ಮನಾಯಿತು.
"ಇದೂ ಬೀಗವೇ," ಅಂದಳು, ಕೈ ತೊಳೆಯುತ್ತ.
"ಕೀಲಿ ಮಾತ್ರ ಊರಲ್ಲೇ ಇರ್ತದೆ."

ಪಾಸ್‌ವರ್ಡು ಒಂಬತ್ತು ಅಕ್ಷರ.
ಯಾವಾಗಲೂ ಎಡಗೈ ಅಡ್ಡ ಹಿಡಿದು ಒತ್ತುವವನು ನಾನು.
ಅಂದು, ಬಿಸಿಲು ಪರದೆಗೆ ಹೊಡೆಯುತ್ತದೆ ಅಂತ
ಅವಳ ಕಡೆಗೆ ತಿರುಗಿಸಿಟ್ಟೆ.
ಒಂದೊಂದೇ ಒತ್ತಿದೆ. ತಪ್ಪಿದೆ. ಅಳಿಸಿ
ಮೊದಲಿಂದ ಮತ್ತೊಮ್ಮೆ.
ಎಂಜಿನು ಕೇಳುವವಳ ಹಾಗೆ
ತಲೆ ವಾಲಿಸಿ ನಿಂತಿದ್ದಳು.

ನಲವತ್ತೇಳು ಹೋಯಿತು. ಯಂತ್ರ ಕೆಮ್ಮಿ ಎದ್ದಿತು.
ಬೆಳ್ಳಕ್ಕಿಗಳು ಹಾರಿ ಮತ್ತೆ ಅಲ್ಲೇ ಕೂತವು.

"ಈ ವೈರು ಎಂತದು?"
"ಸಾದಾದ್ದ ಐತ್ರಿ. ಕುಮಟಾದಾಗೂ ಸಿಗತೈತಿ."
"ಒಳಗಿಂದು?"
ನಾನು ಮಾತಾಡಲಿಲ್ಲ. ಬ್ಯಾಗಿನ ಜಿಪ್ಪು ಎಳೆದೆ.
ನನ್ನದೊಂದು ಪೆನ್‌ಡ್ರೈವ್ ಆ ದಿನ ಏರಿಯ ಮೇಲೆ
ಎಲ್ಲೋ ಬಿದ್ದುಹೋಯಿತು. ಹುಡುಕಲಿಲ್ಲ.

ವರದಿಯಲ್ಲಿ ಒಂದು ಕಲಂ: ಸೀಲು ಒಡೆದಿದೆಯೇ, ಒಡೆದವರು ಯಾರು.
ಬರೆದೆ: ಇಲಿ.
ಇನ್ನೊಂದು: ದುರಸ್ತಿ ಮಾಡಿದವರು.
ಅದಕ್ಕೆ ಸಿಬ್ಬಂದಿ ನಂಬರೇ ಬೇಕಂತೆ, ಹೆಸರು ನಡೆಯುವುದಿಲ್ಲ.
ನನ್ನದೇ ಹಾಕಿದೆ.
ಘಟ್ಟ ಹತ್ತುವವರೆಗೂ ಬೆರಳಿಗೆ ಮುರುಗಲಿನ ವಾಸನೆ.

ಎರಡು ಸುಗ್ಗಿ ಕಳೆದವು.
ಮೊನ್ನೆ ಮ್ಯಾನೇಜರು ಪಟ್ಟಿ ನೋಡುತ್ತ ಕೇಳಿದರು:
"ಏನಪ್ಪಾ, ಕರಾವಳಿಯವರದ್ದೆಲ್ಲ ದೂರು ಬರ್ತದೆ,
ಮಾಸೂರಿಂದ ಒಂದೂ ಇಲ್ಲ.
ಅಲ್ಲಿ ಉಪ್ಪುಗಾಳಿ ನಿಂತುಹೋಯ್ತಾ?"

"ಹೌದ್ರಿ ಸರ," ಅಂದೆ,
"ಅಲ್ಲಿ ಗಾಳಿ ಭಾಳ ಕಡಿಮಿ."